ಪೈಲ್ವಾನರ ಬಲಕ್ಕೆ ಎರಡನೆಯ ಸಮಾಧಿ

ವಿಳಾಸ ತಪ್ಪುವುದಕ್ಕಿಂತ ದೊಡ್ಡ ಅಪರಾಧ ಇನ್ನೊಂದಿಲ್ಲವೆಂದು ನಂಬಿ ಬದುಕಿದವನು ನಾನು. ಹೊನ್ನಾಳಿಯಲ್ಲಿ ಮೂವತ್ತನಾಲ್ಕು ವರ್ಷ ಟಪಾಲು ಹಂಚಿದ್ದೇನೆ. ಓದಿದ್ದು ಎಸ್ಸೆಸ್ಸೆಲ್ಸಿ, ಅದಕ್ಕಿಂತ ಹೆಚ್ಚು ಕಲಿತದ್ದೆಲ್ಲ ಲಕೋಟೆಗಳ ಮೇಲೆ. "ಹುಣಸೆ ಮರದ ಎದುರು, ಎತ್ತರದ ಬಸಣ್ಣನ ಎರಡನೇ ಮಗನಿಗೆ" ಎಂದಷ್ಟೇ ಬರೆದ ಕಾರ್ಡನ್ನು, ಆ ಹುಣಸೆ ಮರ ಕಡಿದು ಐದು ವರ್ಷವಾದ ಮೇಲೂ, ಸಂಜೆಯೊಳಗೆ ಮುಟ್ಟಿಸಿದ್ದೇನೆ. ರಿಜಿಸ್ಟರ್ ಕಾಗದ ಬಂದರಂತೂ ನನ್ನ ಶಿಸ್ತು ಇನ್ನೂ ಹೆಚ್ಚು. ದಿನಾ ಜೊತೆಗೆ ಟೀ ಕುಡಿಯುವ ಎದುರು ಮನೆಯ ಗೆಳೆಯನೇ ಆದರೂ ಬಾಗಿಲಲ್ಲಿ ನಿಂತು, "ಇಂಥೋರು ಅಂದ್ರೆ ನೀವೇನ್ರೀ?" ಎಂದು ಕೇಳಿ, ಹೌದು ಎಂದ ಮೇಲೆಯೇ ಕಾಗದ ಕೊಟ್ಟು ಸಹಿ ಮಾಡಿಸಿಕೊಳ್ಳುತ್ತಿದ್ದೆ. ಜನ ನಗುತ್ತಿದ್ದರು, ನಾನು ನಗುತ್ತಿರಲಿಲ್ಲ. ಅಂಥ ನಾನು ಸ್ವಂತ ಹೆಂಡತಿಯ ವಿಳಾಸವನ್ನೇ ತಪ್ಪಿದೆ. ಒಂದು ದಿನ ಎರಡು ದಿನವಲ್ಲ, ಹೆಚ್ಚುಕಡಿಮೆ ನಲವತ್ತು ಸೋಮವಾರ.

ಗಿರಿಜಮ್ಮ ತೀರಿಕೊಂಡದ್ದು ಪುಷ್ಯ ಮಾಸದಲ್ಲಿ. ಜ್ವರವೆಂದು ಮಲಗಿದವಳು ಐದನೆಯ ದಿನಕ್ಕೆ ಇರಲಿಲ್ಲ. ಅದನ್ನು ಇದಕ್ಕಿಂತ ಉದ್ದವಾಗಿ ಬರೆಯಲು ನನಗೆ ಬರುವುದಿಲ್ಲ. ನಮ್ಮಲ್ಲಿ ಸುಡುವುದಿಲ್ಲ. ವಿಭೂತಿ, ಬಿಲ್ವಪತ್ರೆಯೊಂದಿಗೆ ಕೂರಿಸಿ ಮಣ್ಣು ಕೊಡುತ್ತಾರೆ. ಆದ್ದರಿಂದ ನಮ್ಮೂರ ಹಳೆಯ ರುದ್ರಭೂಮಿಯಲ್ಲಿ ಇರುವವರೆಲ್ಲ ಕೂತೇ ಇದ್ದಾರೆ. ಜಗಲಿಯ ಮೇಲೆ ಟಪಾಲಿಗೆ ಕಾಯುತ್ತಾ ಕೂತವರ ಹಾಗೆ.

ಅಲ್ಲಿಗೆ ಮೊದಲ ಸಲ ಒಬ್ಬನೇ ಹೋದಾಗ ನನಗೆ ಅನಿಸಿದ್ದೂ ಅದೇ. ನನ್ನ ಬೀಟಿನ ಅರ್ಧ ಜನ ಇಲ್ಲಿಗೆ ಮನೆ ಬದಲಾಯಿಸಿದ್ದಾರೆ, ನನಗೆ ತಿಳಿಸಿಲ್ಲ. ಅದರಲ್ಲೂ ಊರಿಗೆ ಹೆಸರು ತಂದವರೆಲ್ಲ ಒಂದೇ ಕಡೆ. ಗೇಟಿನ ಹತ್ತಿರವೇ ಹೆಡ್‌ಮಾಸ್ತರು. ಕಲ್ಲಿನ ಮೇಲೆ "ವಿದ್ಯಾದಾನಿ" ಎಂದಿದೆ. ತಮಗೆ ಬಂದ ಕಾರ್ಡುಗಳನ್ನೇ ಕೆಂಪು ಶಾಯಿಯಲ್ಲಿ ತಿದ್ದಿ, "ಇದನ್ನ ಬರೆದೋರಿಗೆ ವಾಪಸ್ ಕಳ್ಸಪ್ಪಾ" ಎಂದು ನನ್ನ ಕೈಗೆ ಕೊಡುತ್ತಿದ್ದ ಮಹಾನುಭಾವರು. ಅವರ ಹಿಂದೆ ಖಾದಿ ಅಜ್ಜ; ಬ್ರಿಟಿಷರಿಗೆ ಹೆದರದೆ ಜೈಲಿಗೆ ಹೋದವರು, ಮನೆಯಲ್ಲಿ ಹೆಂಡತಿಗೆ ಹೆದರಿ ನನ್ನ ಹತ್ತಿರ ಬೀಡಿ ಕೇಳುತ್ತಿದ್ದರು. ಅವರಾಚೆ ಸೂಲಗಿತ್ತಿ ಅಜ್ಜಿ. ಹೊನ್ನಾಳಿಯ ಒಂದು ತಲೆಮಾರಿಗೇ ಬೆನ್ನು ತಟ್ಟಿ ಮೊದಲ ಅಳು ತರಿಸಿದವಳು, ನನಗೂ. ನಟ್ಟನಡುವೆ ಪೈಲ್ವಾನರು. ಅವರದು ಎಲ್ಲರಿಗಿಂತ ಎತ್ತರದ ಕಟ್ಟೆ, ಮೇಲೆ ಕಲ್ಲಿನ ಗದೆ. ಬದುಕಿದ್ದಾಗ ಅವರು ಒಂದು ಹಲ್ಲಿ ಕಂಡರೆ ಮಂಚ ಹತ್ತುತ್ತಿದ್ದರೆಂಬುದು ನನಗೂ ಅವರ ಮನೆಯವರಿಗೂ ಮಾತ್ರ ಗೊತ್ತು. ಈಗ ಆ ಗದೆಯ ಮೇಲೆ ಹಲ್ಲಿಗಳದೇ ಸಂಸಾರ.

ಇಷ್ಟೆಲ್ಲ ದೊಡ್ಡವರ ನಡುವೆ ಗಿರಿಜಮ್ಮ. ಸಮಾಧಿಯ ಮಣ್ಣು ಕೂರಲು ಒಂದು ಮಳೆಗಾಲ ಕಳೆಯಬೇಕು, ಆಮೇಲೆ ಕಲ್ಲು. ಹಾಗಾಗಿ ಅವಳದು ಬರೀ ಮಣ್ಣಿನ ದಿಬ್ಬ. ಚನ್ನಗಿರಿಯಲ್ಲಿರುವ ಮಗಳು ಫೋನಿನಲ್ಲಿ ವಾರಕ್ಕೊಮ್ಮೆ ಕೇಳುತ್ತಿದ್ದಳು: "ಅಪ್ಪಾಜಿ, ಅವ್ವನ ಕಲ್ಲಿನ ಮ್ಯಾಲೆ ಏನು ಬರೆಸಾಣ?" ಕಲ್ಲು ಕೆತ್ತುವವನೂ ಕೇಳುತ್ತಿದ್ದ. ಹೆಸರಿನ ಕೆಳಗೆ ಒಂದು ಸಾಲಿಗೆ ಜಾಗ ಬಿಟ್ಟಿದ್ದಾನಂತೆ, ಎಲ್ಲರೂ ಒಂದು ಸಾಲು ಬರೆಸುತ್ತಾರಂತೆ. ಗಿರಿಜಮ್ಮ ವಿದ್ಯಾದಾನಿಯಲ್ಲ, ಜೈಲಿಗೆ ಹೋಗಿಲ್ಲ, ಕುಸ್ತಿ ಆಡಿಲ್ಲ. ನನ್ನ ಖಾಕಿ ಅಂಗಿಗೆ ಮೂವತ್ತನಾಲ್ಕು ವರ್ಷ ಗಂಜಿ ಹಾಕಿದಳು. ಅದನ್ನು ಕಲ್ಲಿನ ಮೇಲೆ ಹೇಗೆ ಬರೆಸುವುದು? ಪೇಪರು ಪೆನ್ನು ಹಿಡಿದು ಕೂತರೆ "ಗಿರಿಜಮ್ಮ" ಎಂಬಲ್ಲಿಗೆ ಕೈ ನಿಲ್ಲುತ್ತಿತ್ತು.

ಕೈ ನಿಲ್ಲಲು ಇನ್ನೊಂದು ಕಾರಣವಿತ್ತು. ನಾನು ಆಕೆಗೆ ಯಾವತ್ತೂ ಏನೂ ಬರೆದವನಲ್ಲ. ಮಧ್ಯಾಹ್ನ ಸೈಕಲ್ಲು ಒರಗಿಸಿ ಒಳಗೆ ಬಂದಾಗ ನೀರಿನ ತಂಬಿಗೆ ಕೊಡುತ್ತಾ ಅವಳು ದಿನಾ ಕೇಳುತ್ತಿದ್ದಳು, "ರೀ, ನಂಗೇನಾದ್ರೂ ಕಾಗ್ದ ಐತಾ?" ನಾನು ದಿನಾ ಹೇಳುತ್ತಿದ್ದೆ, "ನಿಂಗ್ಯಾರು ಬರೀತಾರೆ, ಊಟಕ್ಕೆ ಇಡು." ಅದು ನಮ್ಮಿಬ್ಬರ ತಮಾಷೆ ಎಂದು ನಾನು ತಿಳಿದಿದ್ದೆ. ಅವಳು ಬಾಣಂತನಕ್ಕೆ ತವರುಮನೆ ಉಬ್ರಾಣಿಗೆ ಹೋಗಿ ಐದು ತಿಂಗಳು ಇದ್ದಾಗಲೂ ನಾನು ಬರೆಯಲಿಲ್ಲ. ಭಾನುವಾರ ಬಸ್ಸು ಹತ್ತಿದರೆ ಮುಖವನ್ನೇ ನೋಡಬಹುದು, ಕಾಗದ ಯಾಕೆ? "ನಾನು ದಿನಾ ಬಾಗ್ಲಾಗೆ ನಿಂತು ಕೇಳ್ತಿದ್ದೆ ಕಣ್ರೀ," ಎಂದು ಆಮೇಲೊಮ್ಮೆ ಹೇಳಿದ್ದಳು. "ಇಲ್ಲ ಅಂತ ಹೇಳೀ ಹೇಳೀ ನಮ್ಮೂರ ಪೋಸ್ಟ್‌ಮ್ಯಾನೇ ನಾಚ್ಕೊಂಡು ಆಚೆ ಬೀದೀಲಿ ಹೋಗಾಕೆ ಶುರು ಮಾಡಿದ." ಅವಳು ನಕ್ಕಳು, ನಾನೂ ನಕ್ಕೆ. ಈಗ ನೆನೆದರೆ ಅವಳು ನಕ್ಕದ್ದು ಒಂದು ಕ್ಷಣ ತಡವಾಗಿ.

ಆದ್ದರಿಂದ ಸೋಮವಾರ ಬೆಳಿಗ್ಗೆ ರುದ್ರಭೂಮಿಗೆ ಹೋಗಿ ಮಾತಾಡುವ ಅಭ್ಯಾಸ ಇಟ್ಟುಕೊಂಡೆ. ದಿಬ್ಬ ಗುಡಿಸಿ, ನೀರು ಚಿಮುಕಿಸಿ, ಅವಳು ಮುಡಿಯುತ್ತಿದ್ದಂತೆಯೇ ಒತ್ತಾಗಿ ಕಟ್ಟಿದ ಒಂದು ಮೊಳ ಕಾಕಡ ಹೂವು, ಮಡಿಸಿದ ಎಲೆ ಅಡಿಕೆ ಇಟ್ಟು ಪಕ್ಕದಲ್ಲಿ ಕೂರುತ್ತಿದ್ದೆ. ಅವಳಿಗೆ ಮಂಡಕ್ಕಿ ಮಿರ್ಚಿ ಎಂದರೆ ಪ್ರಾಣ; ಎರಡು ಸಲ ಮಿರ್ಚಿಯನ್ನೂ ಇಟ್ಟಿದ್ದೆ. ಟ್ರಂಕಿನ ಬೀಗದ ಕೈ ಎಲ್ಲಿಟ್ಟಿದ್ದೀಯೆ ಎಂದು ಕೇಳಿದೆ. ಸಾರಿಗೆ ಇಂಗು ಒಗ್ಗರಣೆಯಲ್ಲಿ ಹಾಕುವುದೋ ಕುದಿಯುವಾಗಲೋ ಎಂದು ಕೇಳಿದೆ. ಆರೇಳು ತಿಂಗಳು ಹಿಂಗೇ ಸುತ್ತಿ ಬಳಸಿ, ಶ್ರಾವಣದ ಒಂದು ಸೋಮವಾರ ಧೈರ್ಯ ಮಾಡಿ ಹೇಳಿಯೇಬಿಟ್ಟೆ: "ಗಿರಿಜಾ, ಒಂದಾದರೂ ಕಾಗದ ಬರೀಬೇಕಿತ್ತು ನಾನು. ತಪ್ಪಾಯ್ತು." ಅಳು ಬಂತು, ಅತ್ತುಬಿಟ್ಟೆ. ಎದ್ದು ಬರುವಾಗ ಎದೆ ಹಗುರವಾಗಿತ್ತು. ಅವಳಿಗೆ ಮುಟ್ಟಿತು ಎಂದು ಖಾತ್ರಿಯಾಗಿತ್ತು.

ಮುಟ್ಟಿರಲಿಲ್ಲ.

ಕಾರ್ತಿಕದ ಒಂದು ಸೋಮವಾರ ಎಂದಿನಂತೆ ಹೂವಿಟ್ಟು ಕೂತೆನೋ ಇಲ್ಲವೋ, ಪೈಲ್ವಾನರ ಕಟ್ಟೆಯ ಹಿಂದಿನಿಂದ "ಸಿಕ್ಕಿಬಿದ್ಯೇನೇ ಹಾದರಗಿತ್ತಿ!" ಎಂದು ಒಂದು ಕೊಡೆ ಹೊರಬಂತು. ಕೊಡೆಯ ಹಿಂದೆ ಎಪ್ಪತ್ತು ದಾಟಿದ ಒಬ್ಬ ಹೆಂಗಸು. ನನ್ನ ಬಿಳಿ ಮೀಸೆ ಕಂಡು ಆಕೆ ಅಲ್ಲೇ ನಿಂತರು. ಎತ್ತಿದ ಕೊಡೆ ಮೆಲ್ಲಗೆ ಇಳಿಯಿತು.

"ಯಾರ್ರೀ ನೀವು? ಅವಳು ಕಳ್ಸಿದ್ಲಾ?"

"ಯಾರವಳು?"

"ಈ ಹೂವಿನೋಳು! ನಮ್ಮೆಜಮಾನ್ರಿಗೆ ವಾರವಾರ ಮುಡಿಯೋ ಹೂವು ಕಳ್ಸೋಳು!"

ಆಗ ಗುರುತು ಹತ್ತಿತು. ಸಾವಂತ್ರಮ್ಮ. ಪೇಟಿ ಮಾಸ್ತರ ಹೆಂಡತಿ. ನಾಲ್ಕು ತಾಲ್ಲೂಕಿನ ನಾಟಕಗಳಿಗೆ ಹಾರ್ಮೋನಿಯಂ ನುಡಿಸಿದವರು ನಮ್ಮ ಪೇಟಿ ಮಾಸ್ತರು; ಜಗಳೂರಿನವರೆಗೂ ಅವರ ಪೇಟಿ ಇಲ್ಲದೆ ಪರದೆ ಏಳುತ್ತಿರಲಿಲ್ಲ. ಗಿರಿಜಮ್ಮ ಹೋದ ಹನ್ನೆರಡನೆಯ ದಿನಕ್ಕೆ ಅವರೂ ಹೋದರೆಂದು ಕೇಳಿದ್ದೆ. ಸೂತಕದ ಮನೆಯವನು, ಮಣ್ಣಿಗೆ ಹೋಗಿರಲಿಲ್ಲ. ಸಾವಂತ್ರಮ್ಮ ಆಮೇಲೆ ನ್ಯಾಮತಿಯ ತಂಗಿಯ ಮನೆ ಸೇರಿಕೊಂಡಿದ್ದರು. ಅಲ್ಲಿಂದ ಮಂಗಳವಾರ ಬಂದಾಗಲೆಲ್ಲ ಗಂಡನ ದಿಬ್ಬದ ಮೇಲೆ ಹಿಂದಿನ ದಿನದ ಹೂವು ಕಾಣುತ್ತಿತ್ತೆಂದು ಆಮೇಲೆ ಹೇಳಿದರು.

"ನಾನು ಟಪಾಲು ರುದ್ರಪ್ಪ ಕಣ್ರಮ್ಮ," ಎಂದೆ.

"ನೋಡಿದ್ರಾ! ಜೀವ ಇದ್ದಾಗ ಅವಳ ಕಾಗ್ದ ತಂದು ಕೊಟ್ಟೋರೂ ನೀವೇ, ಈಗ ಹೂವು ತರೋರೂ ನೀವೇ. ರಿಟೈರ್ ಆದ್ರೂ ಡ್ಯೂಟಿ ಬಿಟ್ಟಿಲ್ಲ!"

"ಅಮ್ಮಾ, ಇದು ನನ್ನ ಹೆಂಡ್ತಿ ಸಮಾಧಿ."

ಅವರ ಕೊಡೆ ಮತ್ತೆ ಮೇಲೆದ್ದಿತು. "ಏನಂದ್ರಿ? ನಿಮ್ಮ ಹೆಂಡ್ತಿ ನಮ್ಮೆಜಮಾನ್ರ ಸಮಾಧಿಗೆ ಯಾಕೆ ಬಂದ್ಲು?"

ಈ ಮಾತು ಎಲ್ಲಿಗೆ ಹೋಗುತ್ತಿತ್ತೋ ಶಿವನೇ ಬಲ್ಲ. ಅಷ್ಟರಲ್ಲಿ ಹಾರೆ ಹಿಡಿದು ಗುತ್ಯಪ್ಪ ಬಂದ. ಅಲ್ಲಿ ಗುಂಡಿ ತೆಗೆಯುವವನು ಅವನೇ. ಸೋಮವಾರ ಅವನಿಗೆ ರಜೆ, ಅದಕ್ಕೇ ನನ್ನನ್ನು ಕಂಡಿರಲಿಲ್ಲ. ಈ ಸೋಮವಾರ ಮಾತ್ರ ಸಾವಂತ್ರಮ್ಮನೇ ಸಾಕ್ಷಿಗೆ ಬೇಕೆಂದು ಬರಹೇಳಿದ್ದರಂತೆ. ಇಬ್ಬರ ಮಾತೂ ಕೇಳಿ ಅವನು ನನ್ನತ್ತ ತಿರುಗಿದ. "ಯಜಮಾನ್ರೇ, ನೀವು ಒಳಗೆ ಬರೋದು ಹೆಂಗೆ?"

"ರೋಡಿನ ಗೇಟಿಂದ. ಪೈಲ್ವಾನರ ಎದುರು ನಿಂತು ಬಲಕ್ಕೆ ಎರಡನೆಯದು."

"ಅವತ್ತು ಅಮ್ಮಾರ್ನ ತಂದಿದ್ದು ಹೊಳೆ ಕಡೆ ದಾರೀಲಿ ಅಲ್ರಾ? ಆ ಕಡೆಯಿಂದ ಬಂದ್ರೆ ಬಲಕ್ಕೆ ಎರಡನೇದು. ಈ ಕಡೆಯಿಂದ ಬಂದ್ರೆ ಎಡಕ್ಕೆ. ಅಮ್ಮಾರು ಅಲ್ಲಿ ಅದಾರೆ. ಇಲ್ಲಿರೋದು ಪೇಟಿ ಮಾಸ್ತರು."

ಮಣ್ಣು ಕೊಟ್ಟು ಬರುವಾಗ ತಿರುಗಿ ನೋಡಬಾರದೆಂದು ಹಿರಿಯರು ಹೇಳಿದ್ದರು, ನಾನು ನೋಡಲಿಲ್ಲ. ಮೂರನೆಯ ದಿನ ಹಾಲು ತುಪ್ಪಕ್ಕೆ ಹೋದಾಗಲೂ ಅದೇ ಹೊಳೆ ದಾರಿ. ಮುಂದಿನವನ ಹಿಮ್ಮಡಿ ನೋಡುತ್ತಾ ಹೋಗಿ, ಅದನ್ನೇ ನೋಡುತ್ತಾ ಬಂದಿದ್ದೆ. ಪೈಲ್ವಾನರು, ಬಲಕ್ಕೆ, ಎರಡನೆಯದು. ಟಪಾಲಿನವನ ತಲೆ, ಅಷ್ಟನ್ನೇ ಗುರುತಿಟ್ಟುಕೊಂಡಿತ್ತು. ಒಬ್ಬನೇ ಹೋಗಲು ಶುರು ಮಾಡಿದ್ದು ಹತ್ತಿರದ ರೋಡಿನ ಗೇಟಿನಿಂದ. ಆ ಬಲಕ್ಕೂ ಒಂದು ಹೊಸ ದಿಬ್ಬವಿತ್ತು. ಗಿರಿಜಮ್ಮ ಬದುಕಿದ್ದಾಗ ಕನ್ನಡಕ ಹುಡುಕುವ ನನಗೆ, "ಊರೆಲ್ಲರ ಮನೆ ಗೊತ್ತು, ನಿಮ್ಮ ಮನೆ ಗೂಡು ಎಲ್ಲೈತೆ ಗೊತ್ತಿಲ್ಲ" ಎನ್ನುತ್ತಿದ್ದಳು.

ಸಾವಂತ್ರಮ್ಮ ಮಾತ್ರ ಅಷ್ಟಕ್ಕೇ ಬಿಡಲಿಲ್ಲ. ಕಟ್ಟೆಯ ಮೇಲೆ ಕೂತು ಕೊಡೆಯನ್ನು ಮಡಿಲಲ್ಲಿಟ್ಟುಕೊಂಡರು. "ಎಲೆ ಅಡಿಕೆ, ಹೂವು ಎಲ್ಲಾ ಸರಿ ಅಂದ್ಕೊಂಡಿದ್ದೆ. ಮಿರ್ಚಿ ನೋಡಿದ ಮ್ಯಾಲೆ ಅನುಮಾನ ಬಂತು. ಅವ್ರಿಗೆ ಖಾರ ಆಗ್ತಿರ್ಲಿಲ್ಲ. ಅದೂ ಗೊತ್ತಿಲ್ದೋಳು ಎಂಥಾ ಪ್ರೀತಿ ಮಾಡಿದ್ಲು ಅಂತ ಇನ್ನೂ ಸಿಟ್ಟು ಬಂತು." ಆಮೇಲೆ ದನಿ ತಗ್ಗಿಸಿ ಕೇಳಿದರು: "ರುದ್ರಪ್ಪಾರೇ, ನೀವೊಬ್ರೇ ಹೇಳಬಲ್ಲೋರು. ನಲವತ್ತು ವರ್ಷ ನನ್ನ ಹೊಟ್ಟೇಲಿ ಇಟ್ಕೊಂಡೀನಿ. ಅಷ್ಟೊಂದು ಕಾರ್ಡು ಬರ್ತಿದ್ವಲ್ಲ, ಓದಿ ಜೇಬಿಗೆ ಹಾಕ್ಕೊಂಡು ನಗ್ತಿದ್ರಲ್ಲ. ಯಾರವು? ನಂಗೆ ಓದಾಕೆ ಬರಲ್ಲ."

ಲಕೋಟೆ ಒಡೆದು ನೋಡುವುದು ಪಾಪ. ಕಾರ್ಡು ಬೇರೆ, ಅದು ತೆರೆದೇ ಇರುತ್ತದೆ, ಕಣ್ಣು ಮುಚ್ಚಿಕೊಂಡು ಸೈಕಲ್ಲು ತುಳಿಯಲಾಗುವುದಿಲ್ಲ. "ಎಲ್ಲಾ ನಾಟಕದೋರವು ಕಣ್ರಮ್ಮ," ಎಂದೆ. "'ಇಂಥ ದಿನ ಪೇಟಿ ಸಮೇತ ಬರಬೇಕು' ಅಂತ. ಒಂದೊಂದರಲ್ಲಿ 'ಹೋದ ಸಲ ನಿಮ್ಮ ಪೇಟಿ ಬಹಳ ಚೆನ್ನಾಗಿತ್ತು' ಅಂತ. ಅದಕ್ಕೇ ನಗ್ತಿದ್ರು."

"ಅಷ್ಟೇನಾ?"

"ಅಷ್ಟೇ."

ಸಾವಂತ್ರಮ್ಮ ನಿಟ್ಟುಸಿರು ಬಿಟ್ಟರು. ಅದರಲ್ಲಿ ನೆಮ್ಮದಿಯಿತ್ತು, ಒಂದು ಚೂರು ನಿರಾಸೆಯೂ ಇದ್ದ ಹಾಗಿತ್ತು. ನಲವತ್ತು ವರ್ಷ ಜಗಳವಾಡಿದ ಸವತಿಯೊಬ್ಬಳು ಒಂದೇ ಮಾತಿಗೆ ಇಲ್ಲವಾಗಿಬಿಟ್ಟರೆ ಯಾರಿಗಾದರೂ ಮನೆ ಬಿಕೋ ಎನ್ನುತ್ತದೆ. ಅವರು ಸೆರಗಿನಿಂದ ಕಣ್ಣೊರೆಸಿಕೊಂಡು, ಗಂಡನ ದಿಬ್ಬದ ಮೇಲಿದ್ದ ಕಾಕಡದ ಮೊಳವನ್ನು ಎತ್ತಿ ನನ್ನ ಕೈಗಿಟ್ಟರು. "ತಗೊಳ್ರಿ. ಯಾರಿಗೆ ತಂದಿದ್ರೋ ಅವ್ರಿಗೆ ಕೊಡ್ರಿ. ನಡೀರಿ, ನಾನೂ ಬರ್ತೀನಿ."

ಪೈಲ್ವಾನರನ್ನು ಸುತ್ತಿ ಆ ಕಡೆ ಹೋದೆವು. ಹತ್ತು ತಿಂಗಳಿಂದ ಯಾರೂ ಗುಡಿಸದ ದಿಬ್ಬ, ಮಳೆಗೆ ಕರಗಿ ಅರ್ಧವಾಗಿತ್ತು. ಅದರ ತುಂಬ ತುಂಬೆ ಗಿಡ. ಒಂದೊಂದರ ತುದಿಯಲ್ಲೂ ಅಕ್ಕಿಯಷ್ಟಷ್ಟು ಬಿಳಿ ಹೂವು. ನಾನು ತಾರದಿದ್ದರೂ ಅವಳಿಗೆ ಹೂವು ಸಿಕ್ಕಿತ್ತು. ಕೂತೆ. ಶ್ರಾವಣದಲ್ಲಿ ಹೇಳಿದ ಮಾತನ್ನು ಇನ್ನೊಮ್ಮೆ ಹೇಳಬೇಕಿತ್ತು. ಪೇಟಿ ಮಾಸ್ತರ ಮುಂದೆ ಅಷ್ಟು ಸಲೀಸಾಗಿ ಬಂದದ್ದು ಅವಳ ಮುಂದೆ ಬಾಯಿಗೆ ಬರಲೇ ಇಲ್ಲ. ನಮ್ಮ ಮನೆಯಲ್ಲಿ ಯಾವಾಗಲೂ ಹಂಗೇ. ಊರವರ ಮುಂದೆ ಅವಳನ್ನು ಹೊಗಳುತ್ತಿದ್ದೆ, ಮನೆಗೆ ಬಂದು ಊಟಕ್ಕೆ ಇಡು ಎನ್ನುತ್ತಿದ್ದೆ. ಸಾವಂತ್ರಮ್ಮ ಬಗ್ಗಿ ಒಂದು ಕಳೆ ಕಿತ್ತರು. "ಏನು ಹೇಳಬೇಕು ಅಂತಿದ್ದೀರೋ ಅದನ್ನ ಹೇಳಾಕೆ ಆಗ್ದಿದ್ರೆ ಬರ್ದಾದ್ರೂ ಕೊಡ್ರಿ. ಟಪಾಲಿನೋರಲ್ವಾ?" ಎಂದರು, ಅವರಿಗೆ ಏನೂ ಗೊತ್ತಿಲ್ಲದೆ.

ಮನೆಗೆ ಬಂದು ಮಗಳಿಗೆ ಫೋನು ಮಾಡಿ ಕಲ್ಲಿನ ಸಾಲು ಸಿಕ್ಕಿತು ಎಂದೆ. ಓದಿ ಹೇಳಿದೆ: "ಗಿರಿಜಮ್ಮ, ಪೈಲ್ವಾನರ ಸಮಾಧಿಯ ಹತ್ತಿರ, ಹೊಳೆ ಕಡೆಯಿಂದ ಬಂದರೆ ಬಲಕ್ಕೆ ಎರಡನೆಯದು, ಹೊನ್ನಾಳಿ."

"ಅಪ್ಪಾಜಿ, ಇದು ಸಮಾಧಿಯೋ ಲಕೋಟೆಯೋ?" ಎಂದಳು. ಆಮೇಲೆ ಆ ಸಾಲನ್ನು ಇನ್ನೊಮ್ಮೆ ಓದಿಸಿದಳು. "ಬರೆಸ್ರಿ," ಎಂದಳು ಕೊನೆಗೆ.

ಕಲ್ಲು ನಿಂತು ಮೂರು ತಿಂಗಳಾಯಿತು. ಹೆಸರಿಗೊಂದು ಬಿರುದಿಲ್ಲವೆಂದು ಕೊರಗುತ್ತಿದ್ದೆನಲ್ಲ, ಆ ಕೊರತೆಯನ್ನೂ ನಾನೇ ತುಂಬಿಕೊಟ್ಟಿದ್ದೇನೆ. ಹೊಸಬರು ಯಾರಾದರೂ ಸಮಾಧಿ ಹುಡುಕಿಕೊಂಡು ಬಂದರೆ ಗುತ್ಯಪ್ಪ ಈಗ ಪೈಲ್ವಾನರ ಗುರುತು ಹೇಳುವುದಿಲ್ಲ. "ಟಪಾಲಿನೋರು ಹೆಂಡ್ತಿ ಅಡ್ರೆಸ್ ತಪ್ಪಿದ್ರಲ್ಲ, ಆ ಅಮ್ಮನ ಕಲ್ಲು ಐತೆ ನೋಡ್ರಿ, ಅಲ್ಲಿಂದ ನಾಲ್ಕನೇದು" ಎನ್ನುತ್ತಾನೆ. ಊರಿನ ಹೆಸರಾಂತವರ ಸಾಲಿನಲ್ಲಿ ಗಿರಿಜಮ್ಮನೂ ಕೂತಳು, ಗಂಡನ ದಡ್ಡತನದ ದಯೆಯಿಂದ.

ಕಾಗದವನ್ನೂ ಬರೆದೆ. ಒಂದು ಕಾರ್ಡು, ನಾಲ್ಕೇ ಸಾಲು. ಲಕೋಟೆ ಬೇಡವೆನಿಸಿತು, ಗುತ್ಯಪ್ಪ ಓದಿದರೂ ಓದಲಿ. ಹೊಳೆ ಕಡೆಯ ದಾರಿಯಿಂದಲೇ ಹೋದೆ. ಪೈಲ್ವಾನರು, ಬಲಕ್ಕೆ, ಎರಡನೆಯದು. ಕಲ್ಲಿನ ಮೇಲೆ ಹೆಸರು ಎದ್ದು ಕಾಣುತ್ತಿತ್ತು, ಆದರೂ ಒಮ್ಮೆ ತಪ್ಪಿದವನಿಗೆ ಧೈರ್ಯ ಸಾಲದು. ಚಪ್ಪಲಿ ಬಿಟ್ಟು ನಿಂತು ಪದ್ಧತಿಯಂತೆ ಕೇಳಿದೆ: "ಗಿರಿಜಮ್ಮ ಅಂದ್ರೆ ನೀವೇನ್ರೀ? ನಿಮಗೊಂದು ಕಾಗ್ದ ಐತೆ." ಕಾರ್ಡನ್ನು ಕಲ್ಲಿನ ಬುಡದಲ್ಲಿಟ್ಟು, ಹಾರದಂತೆ ಮೇಲೊಂದು ಬೆಣಚುಕಲ್ಲು ಇಟ್ಟು, ಒಂದಿಷ್ಟು ಹೊತ್ತು ಅಲ್ಲೇ ನಿಂತಿದ್ದೆ.

ನನ್ನ ಸರ್ವೀಸಿನಲ್ಲಿ ಸಹಿ ಮಾಡಿಸಿಕೊಳ್ಳದೆ ಕೊಟ್ಟು ಬಂದದ್ದು ಅದೊಂದೇ.