ಮಾಮಾನ ಗಾಡಿಯ ಎರಡನೇ ಸೈಲೆನ್ಸರು

ಮನುಷ್ಯನ ಮೂಗು ನೋಡಿ ಮೋಟಾರು ರಿಪೇರಿ ಕಲಿತವರು ಬಸವಕಲ್ಯಾಣದಲ್ಲಿ ಒಬ್ಬರೇ ಒಬ್ಬರು. ಅವರು ನಮ್ಮ ಅಕ್ಕನ ಗಂಡ. ನಮ್ಮ ಕಡೆ ಅಕ್ಕನ ಗಂಡನಿಗೆ ಮಾಮಾ ಎನ್ನುತ್ತೇವೆ. ಹಾಗೆಂದು ನಾನು ಅಂದೆ, ನನ್ನನ್ನು ಕೇಳಿ ಓಣಿಯವರು ಅಂದರು, ಕೊನೆಗೆ ಹುಮನಾಬಾದಿನ ಪೆಟ್ರೋಲ್ ಪಂಪಿನವನೂ ಅನ್ನತೊಡಗಿದ. ಪಂಪಿನವನ ಪ್ರೀತಿಗೆ ಕಾರಣವಿತ್ತು. ಮಾಮಾನ ಗಾಡಿ ಪೆಟ್ರೋಲು ಕುಡಿಯುವುದನ್ನು ಕಂಡರೆ ಯಾವ ಪಂಪಿನವನಿಗೆ ತಾನೆ ಪ್ರೀತಿ ಹುಟ್ಟದು!

ಅದೊಂದು ಹಳೆಯ ಪಿಕಪ್ಪು. ಮಿಲಿಟರಿಯವರು ಓಡಿಸಿ, ಬೇಸತ್ತು, ಹೈದರಾಬಾದಿನ ಹರಾಜಿಗೆ ಬಿಟ್ಟಿದ್ದನ್ನು ಯಾರೋ ಕೊಂಡು, ಅವರೂ ಬೇಸತ್ತು ಮಾರಿದಾಗ ಮಾಮಾ ತಂದದ್ದು. ಮುಂದೆ ಇಬ್ಬರು ಕೂರುವ ಕ್ಯಾಬಿನ್ನು, ಹಿಂದೆ ಸಾಮಾನು ಹೇರಲು ಹಲಗೆ ಹಾಸಿದ ತೆರೆದ ಜಾಗ. ಹುಲಸೂರಿನ ಬೆಲ್ಲ, ಮಂಠಾಳದ ತೊಗರಿ ಹೇರಿಕೊಂಡು ಹುಮನಾಬಾದಿನ ಅಡತಿ ದಲಾಲರ ಅಂಗಡಿಗಳಿಗೆ ಮುಟ್ಟಿಸುವುದು ಅವರ ಉದ್ಯೋಗ. ನಾನು ಆಗ ಹುಮನಾಬಾದಿನಲ್ಲಿ ಸಾಲಿ ಮಾಸ್ತರ. ಅದೇ ಗಾಡಿ ಹತ್ತಿ ಬಸವಕಲ್ಯಾಣದ ಅಕ್ಕನ ಮನೆಗೆ ಊಟಕ್ಕೆ ಹೋಗುವುದು ನನ್ನ ರವಿವಾರದ ಉದ್ಯೋಗ. ಹೀಗಾಗಿ ಮುಂದೆ ನಡೆದದ್ದಕ್ಕೆಲ್ಲ, ಬೇಕಾಗಿಯೋ ಬೇಡವಾಗಿಯೋ, ನಾನೇ ಸಾಕ್ಷಿ.

ಮಾಮಾ ಸೋಲಾಪುರಕ್ಕೆ ಹೋಗುವವರೆಗೆ ಎಲ್ಲ ಸರಿಯಾಗಿಯೇ ಇತ್ತು. ಅಲ್ಲಿ ಯಾರೋ ಗಿರಣಿ ಮಾಲೀಕರ ಉದ್ದನೆಯ ಕಾರು ನಿಂತಿತ್ತಂತೆ. ಅದರ ಹಿಂದೆ ಎಡಕ್ಕೊಂದು ಬಲಕ್ಕೊಂದು ಎರಡು ಸೈಲೆನ್ಸರು! ಮಂದಿ ಕಾರಿನ ಮುಂಭಾಗ ನೋಡಿ ಬೆರಗಾಗುತ್ತಿದ್ದರೆ ಮಾಮಾ ಹಿಂದೆ ಕುಕ್ಕರಗಾಲಿನಲ್ಲಿ ಕುಳಿತು ಬೆರಗಾದರು. ಡ್ರೈವರ್ ಬಂದು ಗದರಿಸಿ ಎಬ್ಬಿಸಬೇಕಾಯಿತಂತೆ.

ಊರಿಗೆ ಬಂದವರೇ, ನಾನಿನ್ನೂ ರೊಟ್ಟಿ ಮುರಿಯುತ್ತಿದ್ದೆ, ಕೇಳಿದರು:

“ಮಾಸ್ತರ, ದೇವರು ನಿನಗ ಮೂಗು ಎಷ್ಟ ಕೊಟ್ಟಾನ?”

“ಒಂದ್ರಿ.”

“ಹೊಳ್ಳಿ?”

“ಎರಡ್ರಿ.”

“ಯಾಕ?”

ಯಾವ ಪರೀಕ್ಷೆಯಲ್ಲೂ ನನಗೆ ಇಂಥ ಪ್ರಶ್ನೆ ಬಂದಿರಲಿಲ್ಲ. ಅಕ್ಕನ ಮುಖ ನೋಡಿದೆ. ಅವಳು ಒಲೆಯ ಮುಖ ನೋಡಿದಳು.

“ಒಂದ ಹೊಳ್ಳಿ ಮುಚ್ಚಕೊಂಡು ಅಂಗಳದಾಗ ಓಡು. ಆಗ ತಿಳೀತದ!” ಎಂದರು ಮಾಮಾ.

ಓಡಿದೆ. ಉಣ್ಣುವ ಮನೆಯಲ್ಲಿ ಓಡೆಂದರೆ ಓಡಬೇಕು. ದಮ್ಮು ಹತ್ತಿತು. ಮಾಮಾ ಗೆದ್ದ ಪೈಲ್ವಾನನಂತೆ ತೊಡೆ ತಟ್ಟಿದರು. ಅಂದಿನಿಂದ ಮನೆಗೆ ಬಂದವರಿಗೆಲ್ಲ ಚಹಾಕ್ಕಿಂತ ಮೊದಲು ಇದೇ ಉಪಚಾರ. ದುಬಲಗುಂಡಿಯಿಂದ ಬೆಲ್ಲದ ಮಾತುಕತೆಗೆ ಬಂದಿದ್ದ ಒಬ್ಬ ವಯಸ್ಸಾದ ವ್ಯಾಪಾರಿಯೂ, ಪಾಪ, ಮೂಗು ಹಿಡಿದುಕೊಂಡು ಅಂಗಳ ಸುತ್ತಿದರು. ಅರ್ಧ ಸುತ್ತಿಗೇ ತುಳಸಿ ಕಟ್ಟೆ ಹಿಡಿದು ನಿಂತು, “ಖರೆ ಅದ್ರಿ, ಖರೆ ಅದ” ಎಂದು ಏದುಸಿರು ಬಿಟ್ಟರು. ಅವರ ಹೊಟ್ಟೆಯ ಸುತ್ತಳತೆಗೆ ಮೂರು ಹೊಳ್ಳೆ ಇದ್ದರೂ ಹಾಗೇ ಆಗುತ್ತಿತ್ತು ಎನ್ನುವುದು ಬೇರೆ ಮಾತು. ಮಾಮಾನಿಗೆ ಬೇಕಾಗಿದ್ದ ಪುರಾವೆ ಸಿಕ್ಕಿತು.

ಹುಮನಾಬಾದಿನ ಹೆದ್ದಾರಿ ಪಕ್ಕ, ಬೇವಿನ ಮರದ ಕೆಳಗೆ ಒಬ್ಬ ಉಸ್ತಾದನ ಗ್ಯಾರೇಜು ಇತ್ತು. ಮಾಮಾ ಗಾಡಿಯನ್ನು ಅಲ್ಲಿಗೆ ಒಯ್ದರು. ಅವರ ವಾದವನ್ನು ನಾನು ಅರ್ಥ ಮಾಡಿಕೊಂಡಷ್ಟು ಹೇಳುತ್ತೇನೆ. ಆ ಎಂಜಿನ್ನಿಗೆ ಈ ಮಗ್ಗುಲಿಗೆ ನಾಲ್ಕು, ಆ ಮಗ್ಗುಲಿಗೆ ನಾಲ್ಕು ಸಿಲಿಂಡರು. ಎರಡೂ ಕಡೆಯ ಹೊಗೆ ಒಂದು ಅಡ್ಡ ಪೈಪಿನಲ್ಲಿ ಕೂಡಿ, ಒಂದೇ ಸೈಲೆನ್ಸರಿನಿಂದ ಹೊರಗೆ ಹೋಗುತ್ತಿತ್ತು. ಆ ಅಡ್ಡ ಪೈಪು ಕತ್ತರಿಸಬೇಕು, ಆ ಮಗ್ಗುಲಿಗೆ ಅದರದೇ ಪೈಪು, ಅದರದೇ ಸೈಲೆನ್ಸರು ಕೂಡಿಸಬೇಕು. ಆಗ ಎಂಜಿನ್ನು ನಿರಾಳವಾಗಿ ಉಸಿರಾಡುತ್ತದೆ, ಏರಿನಲ್ಲಿ ಕುದುರೆಯಂತೆ ಓಡುತ್ತದೆ.

ಉಸ್ತಾದ್ ಗಾಡಿಯ ಕೆಳಗೆ ಮಲಗಿ ನೋಡಿ, ಎದ್ದು, ಬೀಡಿ ಹಚ್ಚಿದ.

“ಸಾಹುಕಾರ್ರ, ಗಾಡಿ ಹ್ಯಾಂಗ ಅದ ಹಂಗೇ ಇರ್ಲಿ ಬಿಡ್ರಿ.”

“ಯಾಕ? ಅಣ್ಣ-ತಮ್ಮ ಇಬ್ರೂ ಒಂದೇ ಬಾಗಲದಾಗ ಎಷ್ಟ ದಿನ ನುಗ್ಗಾಡಬೇಕು?”

“ಒಂದ ಬಾಗಲ ಇದ್ರ ನುಗ್ಗಾಟ ಅಷ್ಟೇ ಸಾಹುಕಾರ್ರ. ಎರಡನೇ ಬಾಗಲ ಇಟ್ಟ ದಿನ ಮನಿ ಪಾಲಾಗ್ತದ!”

ಸುತ್ತ ನಿಂತವರು ನಕ್ಕರು. ಮಾಮಾ ನಗಲಿಲ್ಲ. ಅವರಿಗೆ ಇಬ್ಬರು ತಮ್ಮಂದಿರಿದ್ದರು, ಮನೆ ಆಗಲೇ ಪಾಲಾಗಿತ್ತು.

ಇಂಥ ಗಾಡಿಗೆ ಇನ್ನೊಂದು ಸೈಲೆನ್ಸರು ಎಲ್ಲಿಂದ ಬರಬೇಕು? ಗುಜರಿ ಅಂಗಡಿಗಳನ್ನೆಲ್ಲ ಸುತ್ತಿ ಕೊನೆಗೆ ಯಾವುದೋ ಸತ್ತ ಲಾರಿಯದೊಂದನ್ನು ಹುಡುಕಿ ತಂದರು. ಮೊದಲಿನದು ಸೌತೆಕಾಯಿಯಾದರೆ ಇದು ಕುಂಬಳಕಾಯಿ. ಬಲಗಡೆ ಪೆಟ್ರೋಲಿನ ಟಾಕಿ ಅಡ್ಡ ಬಂದದ್ದರಿಂದ ಹೊಸ ಪೈಪನ್ನು ಅದರಿಂದ ದೂರವಿಡಲು ಮೇಲೆತ್ತಿ, ಹಿಂದಿನ ಹಲಗೆಗಳ ಹೊಟ್ಟೆಗೆ ತಗಲುವಷ್ಟು ಹತ್ತಿರ ಹಾಯಿಸಬೇಕಾಯಿತು. ಹಳೆಯ ಟಾಯರಿನ ಪಟ್ಟಿಗಳಿಂದ ಅದನ್ನು ತೂಗುಹಾಕಿದರು. “ಹಲಗಿಗಿ ಭಾಳ ಸಮೀಪ ಆತ್ರಿ” ಎಂದು ಉಸ್ತಾದ್ ಎರಡು ಸಲ ಹೇಳಿದ. “ಗಾಳಿ ಆಡ್ತದ ಬಿಡು” ಎಂದರು ಮಾಮಾ ಎರಡು ಸಲ.

ಗಾಡಿ ಚಾಲೂ ಆಯಿತು. ಏನು ಹೇಳಲಿ ಆ ನಾದವನ್ನು! ಎಡಗಡೆಯ ಸೌತೆಕಾಯಿ ‘ಗುಡುಗುಡು’ ಎಂದರೆ ಬಲಗಡೆಯ ಕುಂಬಳಕಾಯಿ ‘ಭೊರ್ರ್’ ಎಂದು ಮಾತು ಕತ್ತರಿಸುತ್ತಿತ್ತು. ನಾದಿನಿ-ನೆಗೆಣ್ಣಿಯರು ನೀರಿನ ನಳದ ಹತ್ತಿರ ಸೇರಿದಂತೆ. ದಾರಿಯ ಮೇಲಿನ ರಾಜೇಶ್ವರದಲ್ಲಿ ಒಂದು ಎಮ್ಮೆ ಹಗ್ಗ ಹರಿದುಕೊಂಡು ಹೋಯಿತು. ಹೋಟೆಲಿನ ಮುಂದೆ ಕುಳಿತವರು ಕಪ್ಪಿನಿಂದ ಬಸಿಗೆ ಸುರಿದ ಚಹಾ ಬಸಿಯಲ್ಲೇ ಬಿಟ್ಟು ಎದ್ದು ನಿಂತರು. ಮಾಮಾ ಅದನ್ನು ಗೌರವ ಎಂದು ತಿಳಿದು ಕೈ ಎತ್ತಿ ನಮಸ್ಕಾರ ಮಾಡಿದರು.

ದಾರಿಯ ಏರು ಬಂತು. ಮೊದಲು ಗಾಡಿ ಅದನ್ನು ಎರಡನೇ ಗೇರಿನಲ್ಲಿ ಹತ್ತುತ್ತಿತ್ತು. ಈಗಲೂ ಎರಡನೇ ಗೇರಿನಲ್ಲೇ ಹತ್ತಿತು.

“ಮಾಮಾ, ಫರಕೇನೂ ಕಾಣಲಿಲ್ಲಲ್ರಿ?” ಎಂದೆ.

“ಹತ್ತೂದು ಎಲ್ಲಾ ಗಾಡೀನೂ ಹತ್ತತಾವ. ಎಷ್ಟ ಮರ್ಯಾದಿಲಿಂದ ಹತ್ತಿತು ನೋಡಿದ್ಯೋ ಇಲ್ಲೋ?”

ಮರ್ಯಾದೆಯನ್ನು ಅಳೆಯುವ ಮೀಟರು ಆ ಗಾಡಿಯಲ್ಲಿ ಇರಲಿಲ್ಲವಾದ್ದರಿಂದ ನಾನು ಒಪ್ಪಿಕೊಂಡೆ.

ಅಕ್ಕನ ಅಭಿಪ್ರಾಯವನ್ನು ಯಾರೂ ಕೇಳಿರಲಿಲ್ಲ. ಆದರೂ ಅವಳು ಹೇಳಿದಳು. “ಗಾಡಿಗಿ ಎರಡ ಬಾಯಿ ಮಾಡಿಸಿ ತಂದಾರ. ಮನ್ಯಾಗ ನಂದು ಒಂದ ಬಾಯಿ ಅದ, ಅದನ್ನ ಕೇಳವರಿಲ್ಲ.” ಮಾಮಾ ಕೇಳಿಸಿಕೊಳ್ಳಲಿಲ್ಲ. ಕೇಳಿಸುವುದಾದರೂ ಹೇಗೆ? ಹುಮನಾಬಾದಿನಿಂದ ಬಸವಕಲ್ಯಾಣದವರೆಗೆ ಆ ಕ್ಯಾಬಿನ್ನಿನಲ್ಲಿ ಕುಳಿತು ಬಂದವನಿಗೆ ಅರ್ಧ ದಿನ ಗುಂಯ್ ಎನ್ನುವುದು ಬಿಟ್ಟರೆ ಬೇರೇನೂ ಕೇಳುತ್ತಿರಲಿಲ್ಲ.

ಉಸ್ತಾದ್ ಹೇಳಿದ ಮಾತು ಖರೆಯಾದದ್ದು ಬೇಸಿಗೆಯಲ್ಲಿ. ಹುಲಸೂರಿನಿಂದ ಬೆಲ್ಲದ ಪೆಂಟೆಗಳನ್ನು ಹೇರಿಕೊಂಡು ಹೊರಟಾಗ ಎಲ್ಲವೂ ಗುಂಡಗೆ, ಗಟ್ಟಿಯಾಗಿ, ಒಂದಕ್ಕೊಂದು ಸಂಬಂಧವಿಲ್ಲದೆ ಕುಳಿತಿದ್ದವು. ಹುಮನಾಬಾದಿಗೆ ಬರುವ ಹೊತ್ತಿಗೆ ಎಡಗಡೆಯವು ಹಾಗೇ ಇದ್ದವು. ಬಲಗಡೆಯವು ಮಾತ್ರ ಒಂದನ್ನೊಂದು ತಬ್ಬಿಕೊಂಡು ಒಂದೇ ಆಗಿದ್ದವು. ಹಲಗೆಯ ಸಂದಿನಿಂದ ಪಾಕ ತೊಟ್ಟಿಕ್ಕಿ ಬಿಸಿ ಪೈಪಿನ ಮೇಲೆ ಬಿದ್ದು ಚುಂಯ್ ಎನ್ನುತ್ತಿತ್ತು. ಪೇಟೆಗೆಲ್ಲ ಘಮಘಮ! ಹಿಂದೆ ನೊಣಗಳ ಒಂದು ಮೆರವಣಿಗೆ.

ಅಡತಿಯವರು ಬಗ್ಗಿ ನೋಡಿ, “ಏನ್ರಿ ಇದು, ಬೆಲ್ಲ ತಂದೀರೋ ಪಾಕ ತಂದೀರೋ?” ಎಂದರು.

ಮಾಮಾ ಒಂದಿಷ್ಟೂ ಅಳುಕಲಿಲ್ಲ. “ಉಂಡಿ ಕಟ್ಟವರಿಗಿ ಒಂದ ಕೆಲಸ ಕಡಿಮಿ ಆತಲ್ರಿ!”

ಮಂಠಾಳದ ಹೊಲಗಳಿಂದ ಕೂಲಿ ಮುಗಿಸಿ ಬರುವ ಹೆಣ್ಣುಮಕ್ಕಳು ಆ ಗಾಡಿಯಲ್ಲಿ ಹತ್ತಿ ಬರುವುದಿತ್ತು. ಬೇಸಿಗೆಯಲ್ಲಿ ಬಲಗಡೆ ಕುಳಿತವಳು ಕುಳಿತ ಕ್ಷಣವೇ “ಅಯ್ಯಯ್ಯೋ!” ಎಂದು ಎದ್ದು ಎಡಕ್ಕೆ ಹೋಗುತ್ತಿದ್ದಳು. ಎಲ್ಲರೂ ಎಡಕ್ಕೇ ಸೇರಿ ಗಾಡಿ ವಾಲಿಕೊಂಡು ಬರುತ್ತಿತ್ತು. ಚಳಿಗಾಲ ಬಂತೋ, ಅದೇ ಮಂದಿ ಬಲಗಡೆ ಜಾಗಕ್ಕಾಗಿ ಜಗಳ ಆಡಿ ಗಾಡಿಯನ್ನು ಆ ಕಡೆ ವಾಲಿಸುತ್ತಿದ್ದರು. ಗಾಡಿ ಯಾವ ಕಡೆ ವಾಲಿದೆ ಎಂದು ನೋಡಿಯೇ ನಾವು ಋತುಮಾನ ಹೇಳಬಹುದಿತ್ತು.

ಒಂದು ದಿನ ಹುಮನಾಬಾದಿನ ಚೌಕಿನಲ್ಲಿ ಹೊಸದಾಗಿ ಬಂದ ಪೊಲೀಸಪ್ಪ ಕೈ ಅಡ್ಡ ಹಿಡಿದ.

“ಏನ್ರಿ ಇದು ಗದ್ಲ? ಸೈಲೆನ್ಸರ್ ಇಲ್ಲೇನು ಗಾಡಿಗಿ?”

ಮಾಮಾನಿಗೆ ಇಂಥ ಅವಮಾನ ಹಿಂದೆಂದೂ ಆಗಿರಲಿಲ್ಲ. ಕೆಳಗಿಳಿದು, ಅವನ ಕೈ ಹಿಡಿದು, ಗಾಡಿಯ ಹಿಂದೆ ಕರೆದುಕೊಂಡು ಹೋಗಿ ಬಗ್ಗಿಸಿದರು. “ಇಲ್ಲೇನು ಅಂತ ಕೇಳ್ತೀರಿ? ಎಣಿಸ್ರಿ! ನಿಮ್ಮ ಸಾಹೇಬರ ಜೀಪಿಗಿ ಎಷ್ಟ ಅವ?”

ಪೊಲೀಸಪ್ಪ ಎಣಿಸಿದ. ಎರಡು. ಸೈಲೆನ್ಸರು ಇಲ್ಲದವನನ್ನು ಹಿಡಿಯುವುದು ಅವನಿಗೆ ಗೊತ್ತಿತ್ತು. ಎರಡಿದ್ದವನನ್ನು ಏನು ಮಾಡಬೇಕೆಂದು ಯಾರೂ ಕಲಿಸಿರಲಿಲ್ಲ. ತಲೆ ಕೆರೆದುಕೊಂಡು, “ಹೋಗ್ರಿ, ಆದ್ರ ಸಾವಕಾಶ ಹೋಗ್ರಿ” ಎಂದ.

ಇಷ್ಟಾದರೂ ಆ ಪೈಪಿನ ಮೇಲೆ ಮಾಮಾನಿಗೆ ಇದ್ದ ಮಮತೆ ಕಡಿಮೆಯಾಗಲಿಲ್ಲ. ಟಾಯರಿನ ಪಟ್ಟಿ ಸುಟ್ಟು ಹರಿದರೆ ಹೊಸ ಪಟ್ಟಿ; ಬೆಸುಗೆ ಬಿಟ್ಟರೆ ಹೊಸ ಬೆಸುಗೆ. ಅದರ ಒಂದು ನಟ್ಟು ಬಿದ್ದ ಸದ್ದಾದರೂ ಗಾಡಿ ನಿಲ್ಲಿಸಿ, ಬಿಸಿಲಲ್ಲಿ ಹಿಂದಕ್ಕೆ ನಡೆದು ಹುಡುಕಿ ತರುತ್ತಿದ್ದರು. ನಾನು ರಸ್ತೆಯ ಆ ಬದಿ, ಅವರು ಈ ಬದಿ.

ಹೀಗಿರುವಾಗ ಒಂದು ರವಿವಾರ ನಾನು ಊಟ ಮುಗಿಸಿ ಪಡಸಾಲೆಯಲ್ಲಿ ಅಡ್ಡಾಗಿದ್ದೆ. ಮಾಳಿಗೆಯ ಮೇಲೆ ಒಣಹಾಕಿದ್ದ ಮೆಣಸಿನಕಾಯಿ ತರಲು ಅಕ್ಕ ನಿಚ್ಚಣಿಕೆ ಹತ್ತಿದ್ದಳು. ಬುಟ್ಟಿ ಹಿಡಿದು ಇಳಿಯುವಾಗ ಕಾಲು ಜಾರಿತು. ನಾನು ಓಡಿ ಬರುವಷ್ಟರಲ್ಲಿ ಅಂಗಳದ ತುಂಬ ಮೆಣಸಿನಕಾಯಿ, ನಡುವೆ ಅಕ್ಕ. ತಲೆ ಒರಳುಕಲ್ಲಿಗೆ ಬಡಿದಿತ್ತು. ಕರೆದರೆ ಮಾತಿಲ್ಲ. ಊರ ದವಾಖಾನೆಯ ಡಾಕ್ಟರು ಪಟ್ಟಿ ಕಟ್ಟಿ, “ಇಲ್ಲಿ ಇಟ್ಟುಕೊಳ್ಳುವ ಹಾಗಿಲ್ಲ, ತಡ ಮಾಡದೆ ಹುಮನಾಬಾದಿಗೆ ಒಯ್ಯಿರಿ” ಎಂದರು.

ಗಾಡಿಯ ಹಿಂದೆ ಗಾದಿ ಹಾಸಿ ಮಲಗಿಸಿದೆವು. ತಲೆ ನನ್ನ ತೊಡೆಯ ಮೇಲೆ. ಪಕ್ಕದ ಮನೆಯ ಮುದುಕಿ ಕಾಲು ಹಿಡಿದು ಕುಳಿತಳು. ಮಾಮಾ ಗಾಡಿ ಹೊರಡಿಸಿದರು. ರಾಜೇಶ್ವರ ದಾಟಿದ ಮೇಲೆ ಕೆಳಗೆ ಏನೋ ಕಿತ್ತ ಸದ್ದು. ಬಲಗಡೆಯ ಪೈಪು, ಸೈಲೆನ್ಸರಿನ ಸಮೇತ, ಕಳಚಿ ರಸ್ತೆಗೆ ಬಿದ್ದು ಠಣಠಣ ಉರುಳುತ್ತಾ ಹಿಂದೆ ಉಳಿಯಿತು. ಕ್ಯಾಬಿನ್ನಿನ ಕಿಟಕಿ ಬಡಿದು ಕೂಗಿದೆ: “ಮಾಮಾ, ಪೈಪ ಬಿತ್ರಿ!”

“ಬೀಳಲಿ.”

ಅವರು ತಿರುಗಿಯೂ ನೋಡಲಿಲ್ಲ.

ಹುಮನಾಬಾದಿನ ದವಾಖಾನೆಯಲ್ಲಿ ಅಕ್ಕನನ್ನು ಮಂಚಕ್ಕೆ ಹಾಕಿದರು. ಸೂಜಿ, ಔಷಧ ಎಲ್ಲ ಆಯಿತು. ಕಣ್ಣು ಮಾತ್ರ ತೆರೆಯಲಿಲ್ಲ. ನರ್ಸಮ್ಮ ಬಂದು, “ಸುಮ್ನ ನಿಲ್ಲಬ್ಯಾಡ್ರಿ. ಹೆಸರ ಹಿಡಿದು ಕರೀರಿ, ಕಿವಿಗಿ ಬೀಳಲಿ” ಎಂದರು. ನಾನು ‘ಅಕ್ಕಾ, ಅಕ್ಕಾ’ ಎಂದೆ. ಏನೂ ಇಲ್ಲ. ನರ್ಸಮ್ಮ ಮಾಮಾನ ಕಡೆ ತಿರುಗಿದರು. “ನೀವ ಯಜಮಾನ್ರೇನು? ನೀವು ಕರೀರಿ.”

ನಮ್ಮ ಮನೆಗಳಲ್ಲಿ ಗಂಡ ಹೆಂಡತಿ ಒಬ್ಬರ ಹೆಸರು ಒಬ್ಬರು ಹಿಡಿಯುವುದಿಲ್ಲ. ಅಷ್ಟು ವರ್ಷಗಳಲ್ಲಿ ಮಾಮಾನ ಬಾಯಲ್ಲಿ ಅಕ್ಕ ‘ಏ’ ಆಗಿದ್ದಳು, ‘ಕೇಳಾಕತ್ತೀಯೇನು’ ಆಗಿದ್ದಳು. ಅವರು ಟೊಪ್ಪಿಗೆ ತೆಗೆದು ಮಂಚದ ಹತ್ತಿರ ಬಗ್ಗಿದರು.

“ಪುತಳೀ” ಎಂದರು.

ಸಾಲಿಯಲ್ಲಿ ಅಕ್ಕನ ಹೆಸರು ಪಾರ್ವತಿ. ಪುತಳಿ ಎಂದು ಕರೆಯುತ್ತಿದ್ದವಳು, ಹಾಗೆ ಕರೆದೇ ಬೆಳಿಗ್ಗೆ ಎಬ್ಬಿಸುತ್ತಿದ್ದವಳು, ನಮ್ಮ ಅವ್ವ ಒಬ್ಬಳೇ. ಅಕ್ಕನ ಮದುವೆಯಾದ ಮರುವರ್ಷವೇ ಅವ್ವ ತೀರಿಕೊಂಡಿದ್ದಳು. ಆಮೇಲೆ ಆ ಹೆಸರಿನಿಂದ ಯಾರೂ ಕರೆದಿರಲಿಲ್ಲ, ನಾನೂ ಮರೆತಿದ್ದೆ. ಮಾಮಾ ಅದನ್ನು ಯಾವಾಗ ಕೇಳಿಸಿಕೊಂಡಿದ್ದರೋ, ಇಷ್ಟು ದಿನ ಎಲ್ಲಿ ಇಟ್ಟುಕೊಂಡಿದ್ದರೋ!

“ಪುತಳೀ, ಏಳವ್ವ. ಹೊತ್ತ ಏರ್ಯಾದ, ಏಳು.”

ಹೊತ್ತು ಮುಳುಗುತ್ತಿತ್ತು. ಮಾಮಾ ಅದನ್ನೇ ಮತ್ತೆ ಮತ್ತೆ, ಯಾರಿಗೂ ಕೇಳಿಸಬಾರದು ಎಂಬಂತೆ ಸಣ್ಣ ದನಿಯಲ್ಲಿ ಹೇಳುತ್ತಾ ಕುಳಿತರು. ದೀಪ ಹಚ್ಚುವ ಹೊತ್ತಿಗೆ ಅಕ್ಕನ ರೆಪ್ಪೆಗಳು ಅಲುಗಿದವು. ಕಣ್ಣು ಬಿಟ್ಟಳು. ನಮ್ಮಿಬ್ಬರನ್ನೂ ನೋಡಿ, ನಮ್ಮಾಚೆ ಬಾಗಿಲ ಕಡೆ ನೋಡಿದಳು.

“ಅವ್ವ ಬಂದಿದ್ಲೇನು? ಕರದಂಗ ಆತು.”

ಮಾಮಾ ಗಡಬಡಿಸಿ ಟೊಪ್ಪಿಗೆ ಇಟ್ಟುಕೊಂಡರು.

“ಹೂಂ. ಬಂದಿದ್ಲು. ಈಗ ಹೊರಗ ಹೋದ್ಲು” ಎಂದರು. ಹಾಗೆಂದವರೇ ಕಣ್ಣೊರೆಸಿಕೊಳ್ಳುತ್ತಾ ತಾವೂ ಹೊರಗೆ ಹೋದರು.

ಅಕ್ಕ ನನ್ನ ಮುಖ ನೋಡಿದಳು. ನಾನೂ ಹೌದೆಂದು ತಲೆಯಾಡಿಸಿದೆ.