ನಾಲ್ಕು ಗಂಟೆಯ ದಿಬ್ಬಣ

"ಈ ಸಲ ಮಾತ್ರ ತಪ್ಪಿಸ್ಕೊಳ್ಳಲ್ಲ! ಗಂಟೆ, ನಿಮಿಷ, ಸೆಕೆಂಡು, ಎಲ್ಲಾ ಬರೀತೀನಿ!" ಎಂದು ಪುಟ್ಟಿಯ ಅಮ್ಮ ಡೈರಿಯ ಮೇಲೆ ಕೈಯಿಟ್ಟು ಘೋಷಿಸಿದಳು.

"ಹೋದ ಸಲದ ಹಾಗಾ?" ಎಂದ ಗಂಡ.

ಅದು ಹಳೆಯ ಗಾಯ. ಪುಟ್ಟಿ ಮೊದಲ ಹೆಜ್ಜೆ ಇಟ್ಟ ಮಹಾಕ್ಷಣದಲ್ಲಿ, ಅದನ್ನು ಬರೆದಿಡಲೆಂದೇ ಇವಳು ಪೆನ್ನು ತರಲು ಒಳಗೆ ಓಡಿದ್ದಳು! ಬರುವಷ್ಟರಲ್ಲಿ ಮಗು ನಾಲ್ಕು ಹೆಜ್ಜೆ ನಡೆದು ಕೂತಾಗಿತ್ತು.

ಈಗ ಪುಟ್ಟಿಗೆ ಮೂರು ವರ್ಷ. ಎಲೆ ಉದುರುವ ಕಾಲದಲ್ಲಿ ಅವಳು ಬೇಲಿಯಿಂದ ಕಿತ್ತು ತಂದ ದಪ್ಪನೆಯ ಗೂಡನ್ನು ಎದುರು ಮನೆಯ ಜೀವಶಾಸ್ತ್ರದ ಮೇಷ್ಟ್ರು ತಿರುಗಿಸಿ ನೋಡಿದ್ದರು.

"ದೈತ್ಯ ರೇಷ್ಮೆ ಪತಂಗ, ತಾಯಿ. ಬೇಸಿಗೆ ಶುರುವಿಗೆ ಹೊರಗೆ ಬರುತ್ತೆ. ಬಾಯೇ ಇಲ್ಲ, ಒಂದು ವಾರದ ಬದುಕು. ಇದರ ಜ್ಞಾತಿಗಳೆಲ್ಲ ಕತ್ತಲಲ್ಲಿ ಹಾರಿದ್ರೆ, ಈ ಜಾತಿಯ ಗಂಡುಗಳು ಮಾತ್ರ ಹೆಣ್ಣಿನ ವಾಸನೆ ಹಿಡಿದು ಸಂಜೆ ನಾಲ್ಕಕ್ಕೆ ಸರಿಯಾಗಿ ಹೊರಡ್ತವೆ!"

"ಬಾಯಿಲ್ಲದ ಸಂಸಾರ! ಪುಣ್ಯವಂತರು," ಎಂದು ಗಂಡ ನಿಟ್ಟುಸಿರಿಟ್ಟ.

ಗೂಡಿಗೆ ಚಳಿಯಾದೀತೆಂದು ತಾಯಿಕರುಳು ಅದನ್ನು ತನ್ನ ಉಣ್ಣೆ ಶಾಲಿನಲ್ಲಿ ಸುತ್ತಿ ಕಿಟಕಿಯಲ್ಲಿಟ್ಟಿತು. ಅದು ಒಡೆಯುವ ಕ್ಷಣವನ್ನು ಬರೆದಿಡಲು ತಿಂಗಳುಗಟ್ಟಲೆ ಕಾವಲು! ಒಂದು ಶನಿವಾರ ಬೆಳಿಗ್ಗೆ ಹಾಲು ಉಕ್ಕಿತು. ಅವಳು ಒಲೆ ಆರಿಸಿ ಬರುವಷ್ಟರಲ್ಲಿ ಶಾಲಿಗೆ ಜೋತುಬಿದ್ದು, ಒದ್ದೆ ಬಟ್ಟೆಯಂಥ ರೆಕ್ಕೆಗಳನ್ನು ಒಂದೊಂದೇ ಮಡಿಕೆ ಬಿಚ್ಚುತ್ತಿತ್ತು ಒಂದು ಹೆಣ್ಣು ಪತಂಗ.

ಮತ್ತೆ ತಪ್ಪಿತು! ಆದರೆ ನಾಲ್ಕು ಗಂಟೆ ಬಾಕಿಯಿತ್ತಲ್ಲ?

ದಿನವೆಲ್ಲ ಶಾಲಿನ ಮೇಲೇ ಕೂತಿದ್ದ ಹೆಣ್ಣನ್ನು ಮೂರೂ ಮುಕ್ಕಾಲಿಗೆ ಮೆಲ್ಲಗೆ ಎತ್ತಿ, ಹಾರಿಹೋಗದಂತೆ ಬುಟ್ಟಿಯ ಕೆಳಗಿಟ್ಟಳು. ಮೋಡ ಕವಿದು ಗಾಳಿ ತಣ್ಣಗಿತ್ತು. ಅದೇ ಶಾಲು ಹೊದ್ದು, ಪೆನ್ನು ಹಿಡಿದು, ಪಕ್ಕದಲ್ಲಿ ಡೈರಿ ಇಟ್ಟುಕೊಂಡು ಪುಟ್ಟಿಯೊಂದಿಗೆ ಜಗಲಿಯಲ್ಲಿ ಕೂತಳು.

ಬೇಲಿ ದಾಟಿ ಒಂದು ಬಂತು. ಹಿಂದೆ ಮೂರು. ಆಮೇಲೆ ಎಣಿಕೆ ತಪ್ಪಿತು. ಅಂಗೈಯಗಲದ ಕಪ್ಪು ರೆಕ್ಕೆಗಳು ಅವಳ ಹೆಗಲು, ತೋಳು, ಜಡೆ, ಪೆನ್ನು ಹಿಡಿದ ಬೆರಳು, ಎಲ್ಲೆಲ್ಲೂ ಇಳಿದವು.

"ರೀ!"

"ಅಲ್ಲಾಡಬೇಡ ಕಣೇ! ಹುಡುಗಿ ಬುಟ್ಟಿಯಲ್ಲಿದ್ದಾಳೆ, ದಿಬ್ಬಣ ನಿನ್ನ ಮೈಮೇಲೆ ಇಳಿದಿದೆ! ಶಾಲಿಗೆ ಅವಳ ವಾಸನೆ ಹತ್ತಿರಬೇಕು."

"ಗಂಟೆ ನೋಡ್ರೀ, ಬರೀರಿ!"

"ಕಣ್ಣು ಕೀಳೋಕೇ ಆಗ್ತಿಲ್ಲ."

ಅವಳಿಗೂ ಆಗಲಿಲ್ಲ. ರೆಕ್ಕೆಗಳ ಗಾಳಿ ಕೆನ್ನೆಗೆ ತಾಕುತ್ತಿತ್ತು, ಯಾರೋ ಹತ್ತಿರ ನಿಂತು ಉಸಿರಾಡಿದಷ್ಟು ಮೆತ್ತಗೆ. ಪೆನ್ನು ಜಾರಿ ಬಿತ್ತು. ಅವಳು ಬಗ್ಗಲಿಲ್ಲ. ಕೊನೆಗೆ ಗಂಡ ಬುಟ್ಟಿ ಎತ್ತಿದ. ಹೆಣ್ಣಿಗೊಬ್ಬ ವರ ಸಿಕ್ಕಿದ. ಉಳಿದವರು ಬೆಳಕು ಕರಗುವ ಮೊದಲೇ ಬಂದ ದಾರಿ ಹಿಡಿದರು.

ಆಗ ನೆನಪಾಯಿತು ಡೈರಿ! ಅದು ಪುಟ್ಟಿಯ ತೊಡೆಯ ಮೇಲಿತ್ತು. ಇಡೀ ಪುಟ ರೆಕ್ಕೆಗಳು. ನಡುವೆ ಒಂದು ದುಂಡು ಮುಖ, ಅದರಲ್ಲಿ ಬಾವಿಯಷ್ಟು ದೊಡ್ಡ ಬಾಯಿ.

"ಇದ್ಯಾವ ಪತಂಗ, ಪುಟ್ಟಿ?"

"ಪತಂಗಕ್ಕೆ ಬಾಯಿ ಇಲ್ಲ. ಇದು ಅಮ್ಮ."

ಗಂಡ ನಕ್ಕ. "ಅಷ್ಟು ತೆರೆದ ಬಾಯಿಂದ ಒಂದೇ ಒಂದು ಮಾತು ಹೊರಡದ್ದು ಇವತ್ತೇ ಮೊದಲು. ಬರ್ಕೋ, ಗಂಟೆ, ನಿಮಿಷ, ಸೆಕೆಂಡು!"

ತಾರೀಖನ್ನಾದರೂ ಹಾಕೋಣವೆಂದು ಅವಳು ಕೈಚಾಚಿದಳು. ಪುಟ್ಟಿ ಪೆನ್ನು ಕೊಡಲಿಲ್ಲ.