ಮಾಸ್ತರ ಪಡಸಾಲ್ಯಾಗ ರೈಲು

ಬಾಯಿಗೆ ಸೆರಗ ಒತ್ತಿಕೊಂಡು ಕುಂತ್ರೂ ನಮ್ಮ ಗೋಕಾಕದ ಓಣಿ ನನ್ನ ಸುಮ್ಮನ ಇರಾಕ ಬಿಡಂಗಿಲ್ಲ. ಒಂದ ಮನ್ಯಾಗಿನ ತಮಾಷಿ ಮುಗೀತು ಅನ್ನೂದ್ರಾಗ ಇನ್ನೊಂದ ಮನ್ಯಾಗ ಶುರು ಆಗಿರ್ತೈತಿ. ಈ ಸಲ ಬಾಜೂ ಮನಿ ರೇಲ್ವೆ ಮಾಸ್ತರಂದು ಪಾಳಿ. ನಾ ಯಾರ ಮನಿ ಸುದ್ದಿಗೂ ಹೋಗಾಕಿ ಅಲ್ಲ. ಅವರ ಬಾಗಲಾ ತೆರದಿತ್ತು, ನನ್ನ ಕಣ್ಣೂ ತೆರದಿದ್ದುವು, ಅಷ್ಟ.

೧. ತೂಗುಮಂಚ ಅಟ್ಟಕ್ಕೇರಿತು

ಮಾಸ್ತರು ನೌಕರಿ ಪೂರ್ತಿ ಪರ ಊರ ಸ್ಟೇಷನ್ನಿನಾಗ ಹಸರ ಝಂಡಾ ತೋರಿಸಿ ರಿಟೈರಾಗಿ ಬಂದಾವ್ರು. ಗೋಕಾಕ ಪ್ಯಾಟಿಯೊಳಗ ರೈಲಿಲ್ಲ, ಸ್ಟೇಷನ್ನು ಊರ ಬಿಟ್ಟು ದೂರ. ಅವರಿಗೆ ಅದೊಂದು ಕೊರಗು. "ಸರಕಾರ ತರದಿದ್ರ ಬಿಡ್ಲಿ, ನಮ್ಮ ಓಣಿಗೆ ನಾನ ರೈಲ ತರ್ತೇನಿ" ಅಂದು ಪಡಸಾಲ್ಯಾಗಿನ ತೂಗುಮಂಚ ಬಿಚ್ಚಿ ಅಟ್ಟಕ್ಕ ಹಾಕಿದ್ರು. ಆ ಜಾಗಾದಾಗ ದೊಡ್ಡ ಹಲಗಿ ಹಾಸಿ, ಗೇಣುದ್ದದ ಕರೆಂಟಿನ ರೈಲು, ಹಳಿ, ಸಿಗ್ನಲ್ಲು, ಪ್ಲಾಟಫಾರಂ, ರಟ್ಟಿನ ಮನಿ ಅಂಗಡಿ, ಮೊಬೈಲಿನಾಗ ತರಿಸಿದ ಪ್ಲಾಸ್ಟಿಕ್ ಗಿಡಾ, ಎಲ್ಲಾ ಹೂಡಿದ್ರು. ನಮ್ಮ ಓಣಿ, ಅದರಾಗ ಹಾದು ಹೋಗೂ ರೈಲು. ಅದು ಅವರ ಕನಸು.

ಹಾಲಿನಾಕಿ ಬಂದು ನೋಡಿ, "ಯಾವ ದೇಶರಿ ಇದು?" ಅಂದ್ಳು.

ಆ ತೂಗುಮಂಚ ಮಾಸ್ತರ ಹೆಂಡ್ತಿ ತವರಿನಿಂದ ಬಂದದ್ದು. ಆಕಿ ಒಳಗ ಕುದಿಯಾಕತ್ತಿದ್ಳು. ಹಾಲಿನಾಕಿ ಮಾತ ಕೇಳಿ ಹೊರಗ ಬಂದು ಷರತ್ತ ಹಾಕಿದ್ಳು. "ನಾಗರ ಪಂಚಮಿಗೆ ನನ್ನ ಕರಿಯಾಕ ಹುಕ್ಕೇರಿಯಿಂದ ನಮ್ಮಣ್ಣ ಬರ್ತಾನ. ನಾವು ಯಾರೂ ಹೇಳಂಗಿಲ್ಲ. ಅವ ತಾನ ನೋಡಿ ಇದು ನಮ್ಮ ಓಣಿ ಅಂತ ಗುರುತ ಹಿಡದ್ರ ನಿಮ್ಮ ರೈಲ ಇರಲಿ. ಇಲ್ಲಾಂದ್ರ ರೈಲು ಅಟ್ಟಕ್ಕ, ನನ್ನ ಮಂಚಾ ಕೆಳಗ."

ಮಾಸ್ತರು ನನ್ನ ಕಡೆ ತಿರಗಿ, "ಆಯಿ, ಓಣಿ ನಿಮಗ ಗೊತ್ತಿದ್ದಷ್ಟು ಯಾರಿಗೂ ಗೊತ್ತಿಲ್ಲ. ಏನ ಕಡಿಮಿ ಆಗೇತಿ ಹೇಳ್ರಿ" ಅಂದ್ರು.

"ಏನೇನ ಅಂತ ಹೇಳ್ಲಿ? ಗ್ವಾಡಿಗೆ ಯಾರೂ ಎಲಿ ಅಡಿಕಿ ಉಗುಳಿಲ್ಲ. ಧೂಳಿಲ್ಲ. ಇಂಥಾ ಊರಾಗ ಯಾರಿರ್ತಾರ?"

ಅವತ್ತ ಅವರು ರಸ್ತಾದ ಧೂಳ ತಂದು ಚಹಾ ಸೋಸೂ ಜಾಳಗಿಲೆ ಜರಡಿ ಹಿಡದು ಹಲಗಿ ತುಂಬ ಉದುರಿಸಿದ್ರು, ಕುಂಕುಮಾ ಕಲಸಿ ಗ್ವಾಡಿಗೆ ಚುಕ್ಕಿ ಇಟ್ರು. ಜಾಳಗಿ ತೊಳೀಲಿಲ್ಲ. ಸಂಜಿ ಚಹಾ ಕುಡದು ಮಾಸ್ತರ ಹೆಂಡ್ತಿ ಹಲ್ಲ ಕರಕರ ಅನಿಸಿ, "ಓಣಿ ಬಾಯಾಗ ಬಂತು ನೋಡ್ರಿ, ಇದನ್ನ ಮಾತ್ರ ನಮ್ಮಣ್ಣ ಗುರುತ ಹಿಡೀತಾನ" ಅಂದ್ಳು.

೨. ಕೂಲಿಯವ ದೇವರಾದ

ಓಣಿಗೆ ಮಂದಿ ಬೇಕಲ್ಲ. ಊರಾಗಿನ ಒಬ್ಬ ಹಳೆ ಗೊಂಬಿಗಾರಗ ಹೇಳಿದ್ರು. ಕಟಗಿ ಕೆತ್ತಿ ಬಣ್ಣಾ ಹಚ್ಚೂದ್ರಾಗ ಅವನ ಕೈ ಹಿಡಿಯಾವ್ರಿಲ್ಲ. ಎಂಟ ದಿನದಾಗ ಬೆರಳ ತುದಿಯಷ್ಟ ಇಪ್ಪತ್ತ ಮಂದೀನ ತಂದ. ಮಾಸ್ತರು ಪ್ಲಾಟಫಾರಂ ಮ್ಯಾಲ ನಿಂದ್ರಿಸಿದ್ರು.

ನೋಡ್ತೀನಿ, ಎಲ್ಲಾರಿಗೂ ಅಗಲ ಕಣ್ಣು, ಕೆಂಪ ತುಟಿ, ನೆಟ್ಟಗ ನಿಂತು ಬಲಗೈ ಎತ್ತಿ ಆಶೀರ್ವಾದ ಮಾಡಾಕತ್ತಾರ. ಕೂಲಿಯವನೂ ಹಂಗ, ಟಿಕೇಟ ಚೆಕ್ ಮಾಡಾವನೂ ಹಂಗ. ಮ್ಯಾಲಿನ ಮನಿ ಮುದಕಿ, ಕಣ್ಣ ಮಂದ ಆಗ್ಯಾವ ಪಾಪ, ಒಳಗ ಬಂದಾಕಿನ ಚಪ್ಪಲ ಕಳದು, ಕೂಲಿಯವನ ಮುಂದ ಊದಿನಕಡ್ಡಿ ಹಚ್ಚಿ ಮಮ್ಮಗಳ ಲಗ್ನಾ ಬೇಡಿಕೊಂಡ್ಳು.

ನಾ ಗೊಂಬಿಗಾರಗ, "ಏನೋ ತಮ್ಮಾ ಇದು?" ಅಂದೆ.

"ನಮ್ಮಪ್ಪನ ಕಾಲದಿಂದ ದೇವರ ಮಾಡಾಕತ್ತೇವಿ ಆಯಿ. ಕೈ ತಾನ ಆ ಕಡೆ ಹೋಗ್ತೈತಿ. ಮನಷ್ಯಾರ್ನ ಹೆಂಗ ಮಾಡೂದು ನೀವ ಹೇಳ್ರಿ."

ಅವತ್ತಿಂದ ದಿನಾ ಅವನ ಬಾಜೂ ಕುಂತೆ. ಯಾರಿಗೆ ಹೊಟ್ಟಿ ಮುಂದ ಬಂದೈತಿ, ಯಾರು ಸಾಲ ಕೊಟ್ಟವನ್ನ ಕಂಡ ಕೂಡ್ಲೆ ಮೊಬೈಲ ಕಿವಿಗೆ ಹಚ್ಕೊಂತಾರ, ಯಾರ ಸೊಸಿ ಅತ್ತಿ ಕಡೆ ಬೆನ್ನ ಮಾಡಿ ನಿಂದರ್ತಾಳ, ಎಲ್ಲಾ ಹೇಳಿದೆ. ಅವ ಕೆತ್ತಿದ. ನಡುನಡುವ ನನ್ನ ಮಾರಿ ನೋಡಿ ನಗ್ತಿದ್ದ. ಕತಿ ರುಚಿ ಹತ್ತೈತಿ ಅನ್ಕೊಂಡೆ.

ಮುದಕಿ ಮಮ್ಮಗಳ ಲಗ್ನಾ ಆ ತಿಂಗಳ ನಿಶ್ಚೆ ಆತು. ಈಗ ಆಕಿ ಕೂಲಿಯವನ್ನ ಬದಲ ಮಾಡಾಕ ಬಿಡವಲ್ಲಳು.

೩. ಕುರಿಗೆ ಸಿಗ್ನಲ್ ಗೊತ್ತಿಲ್ಲ

ಹಳಿ ಬಾಜೂ ಮಾಸ್ತರು ಹತ್ತಿಯಿಂದ ಕುರಿ ಮಾಡಿ ಸಾಲಿ ಹುಡುಗರಂಗ ಸಾಲಾಗಿ ನಿಂದ್ರಿಸಿದ್ರು. ಊರ ಹೊರಗಿನ ಕುರಿದಡ್ಡಿಯ ಕುರುಬ ಕಾಕಾ ಕಂಬಳಿ ಕೊಡಾಕ ಬಂದಾಂವ ನೋಡಿ ತಲಿ ಅಲ್ಲಾಡಿಸಿದ.

"ಏನ್ರಿ ಮಾಸ್ತರ, ಇವೇನ ಪರೇಡ ಮಾಡಾಕತ್ತಾವು? ಬಿಸಲಾಗ ಕುರಿ ಒಂದರ ಹೊಟ್ಟಿ ಕೆಳಗ ಒಂದು ತಲಿ ತುರುಕಿ ಗುಂಪಾಗಿ ನಿಂದರ್ತಾವು. ಸರೀರಿ, ನಾ ಮಾಡ್ತೇನಿ."

ಕಂಬಳಿ ಕೆಳಗಿಟ್ಟು, ಮಣಕಾಲೂರಿ, ಒಂದೊಂದ ಕುರಿಗೆ ಅಂಟ ಹಚ್ಚಿ ಕುಂಡ್ರಿಸಾಕ ಹತ್ತಿದ. ಮೊದಲಿನ ನಾಕೈದು ಅಗದೀ ಖರೆ ಕುರಿ ಕಂಡಂಗ ಕಂಡುವು. ಮಾಸ್ತರಿಗೆ ಖುಷಿ ತಡೀಲಿಲ್ಲ, ಒಳಗ ಹೋಗಿ ಅವಗ ಚಹಾ ತಂದ್ರು. ಬಂದು ನೋಡಿದ್ರ ಉಳಿದ ಕುರಿ ಎಲ್ಲಾ ಹಳಿ ಮ್ಯಾಲ. ಅಂಟು ಆರಿ ಕಲ್ಲಾಗೇತಿ.

"ಹಳಿ ಮ್ಯಾಲ ಯಾಕ ಇಟ್ಟಿ ಕಾಕಾ? ರೈಲ ಹೆಂಗ ಹೋಗ್ಬೇಕು?"

ಕಾಕಾ ಚಹಾ ಊದಿ, "ಕುರಿ ಎಲ್ಲಿ ನಿಂದ್ರಬೇಕು ಅನ್ನೂದು ನಾ ಹೇಳಾಂವ ಅಲ್ರಿ, ನೀವೂ ಅಲ್ಲ" ಅಂದ.

ನೌಕರ್ಯಾಗ ಒಂದ ರೈಲೂ ತಡಾ ಮಾಡಿಲ್ಲ ಅಂತ ಎದಿ ತಟ್ಟಿ ಹೇಳಾವ್ರು ನಮ್ಮ ಮಾಸ್ತರು. ತಮ್ಮ ಪಡಸಾಲ್ಯಾಗ ಕುರಿ ಸಲುವಾಗಿ ಮೂರ ದಿನಾ ಕೆಂಪ ದೀಪಾ ಹಚ್ಚಿ ಕುಂತ್ರು.

೪. ಮೋಟರಸೈಕಲ್ಲಿನ ಹಿಂದಿನ ಸೀಟು

ನಮ್ಮ ಓಣಿಯೊಳಗ ಒಬ್ಬ ಅರಿವಿ ಅಂಗಡಿ ಸಾವ್ಕಾರ ಅದಾನ. ಅಂಗಡಿ ಇರೂದು ಮೂಡಲಗ್ಯಾಗ, ದಿನಾ ಬಿಳೆ ಮೋಟರಸೈಕಲ್ ಮ್ಯಾಲ ಹೋಗಿ ಬರ್ತಾನ. ಅವನ್ನೂ ಮೋಟರಸೈಕಲ್ ಮ್ಯಾಲ ಕುಂತಂಗ ಕೆತ್ತಿಸಿ ಬೇವಿನ ಗಿಡದ ಕೆಳಗ ನಿಂದ್ರಿಸಿದ್ವಿ. ಕಡೀಕ ಹಸರ ಸೀರಿ ಉಟ್ಟ ಒಬ್ಬಾಕಿ ಗೊಂಬಿ ಉಳೀತು. ಎಲ್ಲೂ ಜಾಗಾ ಇಲ್ಲ. ಮಾಸ್ತರು ಎಷ್ಟಂದ್ರೂ ರೇಲ್ವೆಯವರು, ಸೀಟ ಖಾಲಿ ಕಂಡ್ರ ಪ್ಯಾಸೆಂಜರ ಕುಂಡ್ರಿಸಾವ್ರು. ಆಕಿನ್ನ ಮೋಟರಸೈಕಲ್ ಹಿಂದ ಕುಂಡ್ರಿಸಿ ಅಂಟ ಹಚ್ಚಿಬಿಟ್ರು.

ಸಾವ್ಕಾರನ ಹೆಂಡ್ತಿ ನೋಡಾಕ ಬಂದ್ಳು. ಗಿಡಾ ನೋಡಿದ್ಳು, ಗಿಡದ ಕೆಳಗ ನೋಡಿದ್ಳು.

"ಮಾಸ್ತರ, ಹಿಂದ ಕುಂತಾಕಿ ಯಾರ್ರಿ?"

"ಯಾರೂ ಅಲ್ರಿ ಅಕ್ಕಾರ, ಒಂದ ಗೊಂಬಿ ಹೆಚ್ಚಾಗಿತ್ತು."

ಆಕಿ ಸೆರಗ ಸಿಗಿಸಿ ಸರಸರ ಮನಿಗೆ ಹೋದ್ಳು. ಮಾಸ್ತರು ಹೆದರಿ, ತಪ್ಪಾತು, ನಾಳೆ ಗೊಂಬಿ ಕಿತ್ತ ತಗೀತೇನಿ ಅಂದ್ರು. ಮರದಿನಾ ಸಾವ್ಕಾರ ತಾನ ಬಂದ. ಬೆವತಿದ್ದ. ಮಾಸ್ತರು ಮಾಫಿ ಕೇಳಾಕ ಬಾಯಿ ತೆರಿಯೂದ್ರಾಗ ಅವ ಕೈ ಮುಗದು, "ಆಕಿ ನಮ್ಮ ದೂರದ ಸಂಬಂಧಿಕಳ್ರಿ ಮಾಸ್ತರ. ಬಸ್ ತಪ್ಪಿತ್ತು, ಒಂದ ಸಲ ಬಿಟ್ಟ ಬಂದೇನಿ. ಅದೂ ಹಸರ ಸೀರಿ ಅಲ್ಲ, ನೀಲಿ. ನಿಮಗ ಹೇಳಿದಾವ್ರು ಯಾರು?" ಅಂದ.

ನಾ ಅಲ್ಲೇ ಕುಂತಿದ್ದೆ. ದೇವರಾಣಿ, ಆ ಸುದ್ದಿ ನನಗೂ ಗೊತ್ತಿರಲಿಲ್ಲ. ಎರಡ ದಿನಾ ಊಟಾ ಸೇರಲಿಲ್ಲ.

೫. ಹುಕ್ಕೇರಿ ಅಣ್ಣನ ಕಣ್ಣು

ಪಂಚಮಿ ಬಂತು. ಅಣ್ಣ ಅಂದ್ರ ಎಳೇವ ಅಲ್ಲ, ಕೋಲ ಹಿಡದು ನಡಿಯಾವ. ಆದ್ರೂ ವರ್ಷಾ ತಪ್ಪದ ತಂಗೀನ ಕರಿಯಾಕ ಬರ್ತಾನ. ಮಾಸ್ತರ ಹೆಂಡ್ತಿ ಮೊದಲ ಅಟ್ಟಕ್ಕ ನಿಚ್ಚಣಿಕಿ ಹಚ್ಚಿ ಇಟ್ಟಿದ್ಳು. ಮಾಸ್ತರು ಹಸರ ದೀಪಾ ಹಚ್ಚಿದ್ರು. ರೈಲ ಬಿಟ್ರು. ಕುರಿ ಕಿತ್ತ ಆಗಿತ್ತು, ರೈಲು ಓಣ್ಯಾಗ ಹಾದು ಹೋತು.

ಅಣ್ಣ ಕನ್ನಡಕ ಏರಿಸಿ ನೋಡಿದ. "ರೈಲ ಐತಿ. ಇದು ಮೀರಜ ಏನು?"

ಮಾಸ್ತರು ರೈಲ ಇನ್ನೊಂದ ಸುತ್ತ ಬಿಟ್ರು.

"ಹಂಗಾರ ಹುಬ್ಬಳ್ಳಿ."

ಮಾಸ್ತರ ಮಾರಿ ಸಣ್ಣಾತು. ಕರದಂಟಿನ ಅಂಗಡಿ ಮುಂದಿತ್ತು, ಅಣ್ಣ ಅದನ್ನ ದಾಟಿಸಿ ನೋಡಿದ. ತಂಗಿ ಗೊಂಬಿ ಬಾಗಲದಾಗ ನಿಂತಿತ್ತು, ಅದನ್ನೂ ದಾಟಿಸಿದ. ಮಾಸ್ತರ ಹೆಂಡ್ತಿ ನಿಚ್ಚಣಿಕಿಗೆ ಕೈ ಹಾಕಿದ್ಳು.

ಅಷ್ಟರಾಗ ಅಣ್ಣ ಬಗ್ಗಿ ಒಂದ ಕಟ್ಟಿ ಕಡೆ ಬೆರಳ ಮಾಡಿ ಗಹಗಹಿಸಿ ನಕ್ಕ. "ಏ, ಇದು ನಿಮ್ಮ ಬಾಜೂ ಮನಿ ಆಯಿ ಅಲ್ಲೇನ? ಹಂಗಾರ ಇದು ನಿಮ್ಮ ಓಣಿನ."

ನಾ ಕಣ್ಣ ಕಿರದ ಮಾಡಿ ನೋಡಿದೆ. ಕಟ್ಟಿ ಮ್ಯಾಲ ಒಂದ ಮುದಕಿ. ಬಾಯಿ ತೆರದೈತಿ, ಒಂದ ಕೈ ಕಿವಿ ಹಿಂದ ಐತಿ, ಮೈ ಪೂರ್ತಿ ಬಾಜೂ ಮನಿ ಕಿಡಕಿ ಕಡೆ ವಾಲೇತಿ. ಗೊಂಬಿಗಾರ ಯಾಕ ನಗ್ತಿದ್ದ ಅನ್ನೂದು ಅವಾಗ ತಿಳೀತು.

ಮಾಸ್ತರ ಹೆಂಡ್ತಿ ನಿಚ್ಚಣಿಕಿ ಬಿಟ್ಟು, "ಒಡಹುಟ್ಟಿದ ತಂಗಿ ಬಾಗಲದಾಗ ನಿಂತಾಳ, ಆಕಿನ್ನ ಬಿಟ್ಟು ಈ ಆಯಿನ್ನ ಗುರುತ ಹಿಡದ್ಯಾ ಅಣ್ಣಾ?" ಅಂದು ಕಣ್ಣ ತುಂಬ ನೀರ ತಂದ್ಳು.

ರೈಲ ಉಳೀತು. ಆದ್ರ ಮಾಸ್ತರು ನನ್ನ ಮಾರಿ ನೋಡಾಕ ಅಂಜಿ, "ಆಯಿ, ಸಿಟ್ಟಾಗಬ್ಯಾಡ್ರಿ. ಬ್ಯಾಡ ಅಂದ್ರ ಈಗ ಕಿತ್ತ ತಗೀತೇನಿ" ಅಂದ್ರು.

"ತಗಿಯೂದ ಬ್ಯಾಡ ಮಾಸ್ತರ, ಖರೇ ಇದ್ದಂಗ ಮಾಡ್ರಿ" ಅಂದೆ. "ನಾ ಆ ಕಟ್ಟಿ ಮ್ಯಾಲ ಎಂದೂ ಕುಂಡ್ರಂಗಿಲ್ಲ. ಅಲ್ಲಿಂದ ಸಾವ್ಕಾರ ನಿಂದರೂ ಆ ಬೇವಿನ ಗಿಡಾ ಕಾಣಂಗಿಲ್ಲ. ಎರಡ ಬೆರಳ ಎಡಕ್ಕ ಸರಸ್ರಿ."